ಹಲಸಿನ ಮೇಳಕ್ಕೆ ಹಸಿದೇ ಹೋಗಿ

ಪ್ರಶ್ನೆ: ಕಳೆದ ವರ್ಷ ಮನೆಮಂದಿಯೆಲ್ಲ ಹಲಸಿನ ಮೇಳಕ್ಕೆ ಹೋಗಿದ್ದೆವು. ಒಳಗೆ ಕಾಲಿಟ್ಟ ಕೂಡಲೇ ಹಲಸಿನ ಐಸ್‌ಕ್ರೀಂ ತಿಂದೆವು, ಆಮೇಲೆ ಹೋಳಿಗೆ, ಬೋಂಡಾ. ಹೊಟ್ಟೆ ತುಂಬಿದ ಮೇಲೆ ಹಣ್ಣಿನ ಮಳಿಗೆಗಳಿಗೆ ಬಂದರೆ ಎಲ್ಲವೂ ಒಂದೇ ರುಚಿ ಎನಿಸಿತು. ಕೊಂಡು ತಂದ ಇಡೀ ಹಣ್ಣನ್ನು ಮನೆಯಲ್ಲಿ ಕೊಯ್ದಾಗ ತೊಳೆಗಳು ಮೆತ್ತಗೆ, ಜಾರುವಂತಿದ್ದವು. ಯಾರೂ ಮುಟ್ಟಲಿಲ್ಲ, ಹಸುವಿಗೆ ಹಾಕಿದೆವು. ಅಡುಗೆಯ ಪ್ರಾತ್ಯಕ್ಷಿಕೆಯಲ್ಲಿ ನೋಡಿದ ‘ಗಟ್ಟಿ’ ಎಂಬ ತಿಂಡಿಯನ್ನು (ಬಾಳೆ ಎಲೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸುವಂಥದ್ದು) ಒಳ್ಳೆಯ ಗರಿಗರಿ ತೊಳೆ ತಂದು ಮಾಡಿದೆ. ಹಿಟ್ಟು ನೀರಾಗಿ ಬಾಳೆ ಎಲೆಯಿಂದ ಹರಿದುಹೋಯಿತು. ಈ ವರ್ಷ ಸಕ್ಕರೆ ಕಾಯಿಲೆ ಇರುವ ಅತ್ತೆಯವರೂ ಹತ್ತು ವರ್ಷದ ಮಗಳೂ ಜೊತೆಗೆ ಬರುತ್ತಾರೆ. ಮೇಳವನ್ನು ಹೇಗೆ ನೋಡಬೇಕು? ಅತ್ತೆಯವರು ಏನು ತಿನ್ನಬಹುದು? ಸಸಿ ಕೊಳ್ಳಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ನೀವು ಹಸುವಿಗೆ ಹಾಕಿದ ಹಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ಗಟ್ಟಿಗೆ ಬೇಕಾಗಿದ್ದದ್ದು ಅದೇ ಹಣ್ಣು. ಗಟ್ಟಿಗೆಂದು ಅರೆದ ಗರಿಗರಿ ತೊಳೆಗಳನ್ನು ನೀವು ಹಾಗೆಯೇ ತಿನ್ನಬೇಕಾಗಿತ್ತು. ನಿಮ್ಮ ಎರಡು ಬೇಸರಗಳಿಗೂ ಒಂದೇ ಕಾರಣ. ಹಲಸಿನಲ್ಲಿ ಎರಡು ದೊಡ್ಡ ಬಗೆಗಳಿವೆ ಎಂಬುದನ್ನು ಮೇಳದಲ್ಲಿ ಯಾರೂ ನಿಮಗೆ ಹೇಳಲಿಲ್ಲ. ಪ್ರಾತ್ಯಕ್ಷಿಕೆಗಳಲ್ಲಿ ಅನೇಕ ವರ್ಷ ಒಲೆಯ ಪಕ್ಕ ನಿಂತಿರುವ ನನಗೆ ಇದು ಪ್ರತಿ ವರ್ಷವೂ ನೋವು ಕೊಡುವ ಸಂಗತಿ.

ಕಚ್ಚಿದರೆ ಕರುಂ ಎನ್ನುವ, ತೊಳೆ ಬಿಡಿಬಿಡಿಯಾಗಿ ಬರುವ ಹಣ್ಣು ಬಕ್ಕೆ. ಬಾಯಲ್ಲಿಟ್ಟರೆ ಕರಗಿ ಗಂಟಲಿಗೆ ಜಾರುವ, ರಸ ತುಂಬಿದ ಹಣ್ಣನ್ನು ಮಲೆನಾಡಿನಲ್ಲಿ ಅಂಬಲಿ ಎನ್ನುತ್ತಾರೆ, ಕರಾವಳಿಯಲ್ಲಿ ತುಳುವ ಎನ್ನುತ್ತಾರೆ. ಬಕ್ಕೆ ತಿನ್ನಲು, ಹಪ್ಪಳಕ್ಕೆ, ಚಿಪ್ಸ್‌ಗೆ. ತುಳುವ ಗಟ್ಟಿಗೆ, ಕಡುಬಿಗೆ, ಪಾಯಸಕ್ಕೆ, ಬೆಲ್ಲದೊಡನೆ ಗಂಟೆಗಟ್ಟಲೆ ಮಗುಚಿ ಮಾಡುವ ಬೆರಟಿಗೆ. ಪೇಟೆಯವರು ಬಕ್ಕೆಯನ್ನು ಮಾತ್ರ ಹಣ್ಣೆಂದು ಒಪ್ಪಿಕೊಂಡಿರುವುದರಿಂದ ತುಳುವದ ಹಣ್ಣು ಎಷ್ಟೋ ಕಡೆ ಮರದಡಿಯಲ್ಲೇ ಕೊಳೆಯುತ್ತದೆ. ಈ ವರ್ಷ ಮೇಳದಲ್ಲಿ ಯಾವ ಮಳಿಗೆಗೆ ಹೋದರೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ‘ಇದು ಬಕ್ಕೆಯೋ, ತುಳುವವೋ?’

ಎರಡನೆಯ ಪ್ರಶ್ನೆ: ‘ಯಾವ ಊರಿನ ಮರ?’ ಹಲಸಿನಲ್ಲಿ ಒಂದು ಮರದ ಹೂವಿಗೆ ಇನ್ನೊಂದು ಮರದ ಪರಾಗ ತಾಗಿ ಕಾಯಿ ಕಟ್ಟುತ್ತದೆ. ಹೀಗಾಗಿ ಬೀಜದಿಂದ ಎದ್ದ ಮರ ತಾಯಿಯ ಹಾಗೆಯೇ ಇರಬೇಕೆಂದಿಲ್ಲ. ನಮ್ಮ ಬೇಲಿಗಳಲ್ಲಿ, ಕಾಫಿ ತೋಟದ ನೆರಳಿನಲ್ಲಿ, ಹಿತ್ತಿಲುಗಳಲ್ಲಿ ನಿಂತಿರುವ ಹಳೆಯ ಮರಗಳಲ್ಲಿ ಬಹುಪಾಲು ಬೀಜದಿಂದ ಬಂದವು. ಅಂದರೆ ಪ್ರತಿ ಮರವೂ ಒಂದು ಬೇರೆ ತಳಿ. ಒಂದೇ ತೋಟದಲ್ಲಿ ಒಂದು ಮರದ ಹಣ್ಣು ಜೇನಿನಂತಿದ್ದರೆ, ಹತ್ತು ಮಾರು ದೂರದ ಇನ್ನೊಂದರದ್ದು ಸಪ್ಪೆ. ಮಾರುಕಟ್ಟೆಯಲ್ಲಿ ಕೊಂಡರೆ ಒಂದು ಸಲಕ್ಕೆ ಒಂದು ಮರದ ರುಚಿ ಮಾತ್ರ ಸಿಗುತ್ತದೆ. ಹತ್ತಾರು ಮರಗಳ ತೊಳೆಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ಹೋಲಿಸುವ ಅವಕಾಶ ಮೇಳದಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಐಸ್‌ಕ್ರೀಮನ್ನು ಯಾವಾಗ ಬೇಕಾದರೂ ತಿನ್ನಬಹುದು, ಈ ಅವಕಾಶ ವರ್ಷಕ್ಕೆ ಒಂದೆರಡು ದಿನ ಮಾತ್ರ.

ಆದ್ದರಿಂದ ಹಿರಿಯರ ಮಾತು ಇಲ್ಲಿ ಅಕ್ಷರಶಃ ಪಾಲಿಸುವಂಥದ್ದು: ಹಸಿದು ಹಲಸು, ಉಂಡು ಮಾವು. ಬೆಳಿಗ್ಗೆ ಲಘುವಾಗಿ ಏನಾದರೂ ತಿಂದು, ಮೇಳ ತೆರೆಯುವ ಹೊತ್ತಿಗೇ ಹೋಗಿ. ಎರಡು ಮೂರು ದಿನ ನಡೆಯುವ ಮೇಳವಾದರೆ ಮೊದಲ ದಿನವೇ ಒಳ್ಳೆಯದು. ಹಣ್ಣಿನ ಆಯ್ಕೆ ಹೆಚ್ಚಿರುತ್ತದೆ, ಬೆಳೆಗಾರರಿಗೂ ಮಾತನಾಡಲು ಬಿಡುವಿರುತ್ತದೆ. ಕೊನೆಯ ದಿನ ಬೆಲೆ ಇಳಿಯುತ್ತದೆ ನಿಜ, ಆದರೆ ಉಳಿದಿರುವುದು ಅತಿಯಾಗಿ ಮಾಗಿದ ಹಣ್ಣು. ಜೊತೆಗೆ ಬಿಸಿನೀರಿನ ಒಂದು ಫ್ಲಾಸ್ಕ್, ಉಪ್ಪು ಖಾರ ಇಲ್ಲದ ಸ್ವಲ್ಪ ಮಂಡಕ್ಕಿ ಇರಲಿ. ಎರಡು ರುಚಿಗಳ ನಡುವೆ ನಾಲ್ಕು ಕಾಳು ಮಂಡಕ್ಕಿ ಅಗಿದು ಒಂದು ಗುಟುಕು ನೀರು ಕುಡಿದರೆ ನಾಲಿಗೆ ಹಿಂದಿನ ಸಿಹಿಯನ್ನು ಬಿಟ್ಟುಕೊಡುತ್ತದೆ.

ಕರಿದದ್ದು, ಬೆಲ್ಲ ಹಾಕಿದ್ದು, ತಣ್ಣಗಿನದ್ದು ಯಾವುದನ್ನೂ ಮೊದಲು ಮುಟ್ಟಬೇಡಿ. ಬೆಲ್ಲದ ಹೋಳಿಗೆಯ ಬೆನ್ನಿಗೆ ಎಂಥ ಹಣ್ಣಾದರೂ ಸಪ್ಪೆ. ಐಸ್‌ಕ್ರೀಂ ತಿಂದ ಮೇಲೆ ನಾಲಿಗೆ ಮರಗಟ್ಟಿರುತ್ತದೆ, ಪರಿಮಳ ಹತ್ತುವುದೇ ಇಲ್ಲ. ಕೆಲವು ಮಳಿಗೆಗಳಲ್ಲಿ ತೊಳೆಯ ಮೇಲೆ ಜೇನು ಸುರಿದು ಕೊಡುತ್ತಾರೆ. ರುಚಿ ನೋಡುವ ಹೊತ್ತಿನಲ್ಲಿ ಅದು ಬೇಡ, ಆಗ ನಿಮ್ಮ ನಾಲಿಗೆಗೆ ಸಿಗುವುದು ಜೇನಿನ ಗುಣವೇ ಹೊರತು ಮರದ್ದಲ್ಲ. ‘ಏನೂ ಹಾಕದೆ ಒಂದು ತೊಳೆ ಕೊಡಿ’ ಎಂದು ಕೇಳಿದರೆ ಬೆಳೆಗಾರರು ಬೇಸರಪಡುವುದಿಲ್ಲ, ಸಂತೋಷಪಡುತ್ತಾರೆ. ಮೊದಲು ಮೂಗಿಗೆ ಹಿಡಿಯಿರಿ. ಆಮೇಲೆ ಅರ್ಧ ಕಚ್ಚಿ, ನಿಧಾನವಾಗಿ ಅಗಿಯಿರಿ. ಗಮನಿಸಬೇಕಾದದ್ದು ಸಿಹಿ ಒಂದನ್ನೇ ಅಲ್ಲ: ತೊಳೆ ಎಷ್ಟು ದಪ್ಪ, ನಾರು ಹಲ್ಲಿಗೆ ಸಿಕ್ಕುತ್ತದೆಯೇ, ನುಂಗಿದ ಮೇಲೂ ಪರಿಮಳ ನಿಲ್ಲುತ್ತದೆಯೇ, ಕೊನೆಯಲ್ಲಿ ಒಂದು ಎಳೆ ಹುಳಿ ಬರುತ್ತದೆಯೇ. ಆ ಎಳೆ ಹುಳಿ ಇರುವ ಹಣ್ಣು ನನಗೆ ಬರೀ ಸಿಹಿಯ ಹಣ್ಣಿಗಿಂತ ಇಷ್ಟ. ಐದಾರು ತೊಳೆ ತಿಂದರೂ ಸಾಕೆನಿಸುವುದಿಲ್ಲ.

ಬಣ್ಣಕ್ಕೆ ಮರುಳಾಗುವುದು ಸಹಜ. ಬಿಳಿ, ತಿಳಿ ಹಳದಿ, ಚಿನ್ನದ ಬಣ್ಣ, ಕಿತ್ತಳೆ, ತಾಮ್ರದ ಕೆಂಪು ಎಲ್ಲವೂ ಮೇಜಿನ ಮೇಲಿರುತ್ತವೆ, ಜನ ಮುತ್ತುವುದು ಕೆಂಪಿನ ಸುತ್ತ. ಕೆಂಪು ತೊಳೆಯ ಹಲಸನ್ನು ಹಲವೆಡೆ ಚಂದ್ರ ಹಲಸು ಎಂದು ಕರೆಯುತ್ತಾರೆ. ಈಚಿನ ವರ್ಷಗಳಲ್ಲಿ ಹೆಸರಾದ ಸಿದ್ದು ಹಲಸು ತುಮಕೂರು ಜಿಲ್ಲೆಯ ಚೇಳೂರಿನ ರೈತ ಕುಟುಂಬವೊಂದರ ಮರ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರದವರು ಅದನ್ನು ಗುರುತಿಸಿದರು. ಹಣ್ಣು ಸರಾಸರಿ 2.5 ಕಿಲೋ, ತೊಳೆ ತಾಮ್ರಗೆಂಪು. ಅದೇ ಸೀಮೆಯಿಂದ ಬಂದ ಇನ್ನೊಂದು ತಳಿ ಶಂಕರ. ನಾಲ್ಕು ಜನರ ಮನೆಗೆ ಇಂಥ ಸಣ್ಣ ಹಣ್ಣು ಹೇಳಿ ಮಾಡಿಸಿದಂತಿದೆ. ಸಿಕ್ಕರೆ ಖಂಡಿತ ರುಚಿ ನೋಡಿ. ಆದರೆ ಕೆಂಪು ಎಂದ ಮಾತ್ರಕ್ಕೆ ಸಿಹಿ ಎಂದಲ್ಲ, ಬಿಳಿ ಎಂದ ಮಾತ್ರಕ್ಕೆ ಸಪ್ಪೆ ಎಂದೂ ಅಲ್ಲ. ದೊಡ್ಡಬಳ್ಳಾಪುರದ ತೂಬಗೆರೆಯ ಹಣ್ಣು, ಕಡೂರು ಸೀಮೆಯ ಸಖರಾಯಪಟ್ಟಣದ ಹಣ್ಣು ಇವೆಲ್ಲ ಬಣ್ಣದ ಮಾತು ಹುಟ್ಟುವ ಮೊದಲೇ ರುಚಿಯಿಂದ ಹೆಸರು ಮಾಡಿದವು. ಕಣ್ಣು ಮುಚ್ಚಿಕೊಂಡು ಒಂದು ಸುತ್ತು ರುಚಿ ನೋಡಲು ಮಗಳಿಗೆ ಹೇಳಿ. ಮಕ್ಕಳ ನಾಲಿಗೆ ಬಣ್ಣದ ಮಾತನ್ನು ಕೇಳುವುದಿಲ್ಲ.

ಮಗಳ ಕೈಗೆ ಒಂದು ಪುಟ್ಟ ಪುಸ್ತಕ ಕೊಡಿ. ಪ್ರತಿ ಮಳಿಗೆಯಲ್ಲಿ ಮರದ ಊರು, ಬಕ್ಕೆಯೋ ತುಳುವವೋ, ಬಣ್ಣ, ಅವಳ ಅಂಕ ಬರೆದುಕೊಳ್ಳಲಿ. ಎಂಟು ಮರ ಸಾಕು. ಅದಕ್ಕಿಂತ ಹೆಚ್ಚಾದರೆ ದೊಡ್ಡವರ ನಾಲಿಗೆಯೂ ಸೋಲುತ್ತದೆ. ಮರುದಿನ ನೆನಪಿನಲ್ಲಿ ಉಳಿಯುವುದು ಬರೆದದ್ದು ಮಾತ್ರ.

ಹಣ್ಣಿನ ಸುತ್ತು ಮುಗಿದ ಮೇಲೆ ಅಡುಗೆಯ ಮಳಿಗೆಗಳಿಗೆ ಬನ್ನಿ. ಬೋಂಡಾ, ಕಬಾಬ್, ಮಂಚೂರಿಗಳಲ್ಲಿ ಮಸಾಲೆಯ ರುಚಿಯೇ ಮುಂದು, ಅವುಗಳಲ್ಲಿ ಒಂದನ್ನು ಹಂಚಿಕೊಂಡು ತಿಂದರೆ ಸಾಕು. ಕರಾವಳಿಯವರ, ಮಲೆನಾಡಿನವರ ಮಳಿಗೆ ಇದ್ದರೆ ಅಲ್ಲಿ ನಿಲ್ಲಿ. ಉಪ್ಪುನೀರಿನ ಭರಣಿಯಲ್ಲಿ ಹಾಕಿಟ್ಟ ಹಲಸಿನ ಸೊಳೆ, ಅಂದರೆ ಕಾಯಿಯ ತೊಳೆ, ಕೇಳಿ. ಬಲಿತ ಕಾಯಿಯ ಸೊಳೆಯನ್ನು ಬೇಸಿಗೆಯಲ್ಲಿ ಉಪ್ಪಿನಲ್ಲಿ ಅದುಮಿಟ್ಟು, ಹೊರಗೆ ಕಾಲಿಡಲಾಗದ ಆಷಾಢದ ಮಳೆಯಲ್ಲಿ ತೆಗೆದು ಪಲ್ಯ, ರೊಟ್ಟಿ, ಸಣ್ಣ ಉಂಡೆ ಮಾಡಿ ಕರಿಯುವ ಉಂಡ್ಲಕಾಳು ಮಾಡುತ್ತಾರೆ. ಬಾಯಿಗೆ ಹಾಕಿದರೆ ಹಪ್ಪಳದ ಸೊಗಡೂ ಉಪ್ಪಿನಕಾಯಿಯ ಹುಳಿಯೂ ಒಟ್ಟಿಗೆ ಬರುತ್ತವೆ. ಎಳೆಯ ಕಾಯಿ, ಕರಾವಳಿಯವರ ಗುಜ್ಜೆ, ಮೇಳದ ಹೊತ್ತಿಗೆ ಸಾಮಾನ್ಯವಾಗಿ ಮುಗಿದಿರುತ್ತದೆ. ಸಿಕ್ಕರೆ ಅದೃಷ್ಟ. ಉಪ್ಪಿನಲ್ಲಿ ಬೇಯಿಸಿ ಒಣಗಿಸಿದ ಬೀಜ, ಸಾಂತಾಣಿ, ಜೇಬಿನಲ್ಲಿ ಹಾಕಿಕೊಂಡು ಅಗಿಯುತ್ತಾ ನಡೆಯಬಹುದಾದ ತಿಂಡಿ. ಪೊಟ್ಟಣದ ಹಪ್ಪಳ, ಚಿಪ್ಸ್ ಕೊಳ್ಳುವಾಗ ತಯಾರಿಸಿದ ದಿನಾಂಕವನ್ನೂ 14 ಅಂಕಿಗಳ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ) ಸಂಖ್ಯೆಯನ್ನೂ ನೋಡಿ. ಮಾದರಿಗೆ ಕೊಟ್ಟ ಚಿಪ್ಸ್‌ನಲ್ಲಿ ಎಣ್ಣೆಯ ಕಮಟು ಬಂದರೆ ಮುಂದೆ ಹೋಗಿ. ಮಳೆಗಾಲದಲ್ಲಿ ನೊಣದ ಕಾಟ ಹೆಚ್ಚು, ಕೊಯ್ದ ತೊಳೆಗಳನ್ನು ಮುಚ್ಚಿಡದ ಕಡೆ ರುಚಿ ನೋಡುವುದೇ ಬೇಡ.

ಈಗ ಪ್ರಾತ್ಯಕ್ಷಿಕೆಗೆ ಬರೋಣ. ನಿಮ್ಮ ಗಟ್ಟಿ ಹಾಳಾದದ್ದು ವೇದಿಕೆ ಮತ್ತು ಅಡುಗೆಮನೆಯ ನಡುವಿನ ಅಂತರದಲ್ಲಿ. ವೇದಿಕೆಯ ಮೇಲೆ ಅರ್ಧ ಗಂಟೆ ಸಿಗುತ್ತದೆ. ಅಕ್ಕಿ ನೆನೆಯಲು, ಸೊಳೆ ಬೇಯಲು, ಹಪ್ಪಳ ಒಣಗಲು ಆ ಸಮಯ ಸಾಲದು. ಹಾಗಾಗಿ ನಾವು ಅರ್ಧ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿ ಡಬ್ಬಿಗಳಲ್ಲಿ ತಂದಿರುತ್ತೇವೆ. ಕುಳಿತವರಿಗೆ ಕಾಣುವುದು ಬೆರೆಸುವುದು ಮತ್ತು ಬೇಯಿಸುವುದು ಮಾತ್ರ. ಅಡುಗೆಯ ಗುಟ್ಟು ಇರುವುದೋ ಆ ಡಬ್ಬಿಗಳಲ್ಲಿ. ಪ್ರತಿ ಡಬ್ಬಿಯ ಮುಚ್ಚಳ ತೆಗೆದಾಗಲೂ ಕೈ ಎತ್ತಿ ಕೇಳಿ: ಇದನ್ನು ಎಷ್ಟು ಹೊತ್ತು ನೆನೆಸಿದಿರಿ, ನೀರು ಬಸಿದಿರಾ, ಹಣ್ಣು ಯಾವ ಬಗೆಯದು? ‘ಸ್ವಲ್ಪ’, ‘ಒಂದು ಹಿಡಿ’ ಎಂಬ ಉತ್ತರ ಬಂದರೆ ಅವರ ಲೋಟ ಎಷ್ಟು ದೊಡ್ಡದು ಎಂದು ನೋಡಿಕೊಳ್ಳಿ. ಇಪ್ಪತ್ತು ನಿಮಿಷ ಮೊದಲೇ ಹೋಗಿ, ನಡುವಿನ ಕುರ್ಚಿಗಿಂತ ಒಲೆಯ ಪಕ್ಕದ ಬದಿ ಹಿಡಿಯಿರಿ. ಮುಖ ಕಾಣದಿದ್ದರೂ ಪರವಾಗಿಲ್ಲ, ಕೈ ಮತ್ತು ಪಾತ್ರೆಯ ಒಳಗು ಕಾಣಬೇಕು. ಮೊಬೈಲಿನಲ್ಲಿ ಇಡೀ ಪ್ರಾತ್ಯಕ್ಷಿಕೆಯನ್ನು ಹಿಡಿದಿಡುವುದಕ್ಕಿಂತ, ಹಿಟ್ಟು ಸೌಟಿನಿಂದ ಬೀಳುವ ಹತ್ತು ಸೆಕೆಂಡನ್ನು ಹಿಡಿಯಿರಿ. ಮನೆಯಲ್ಲಿ ನಿಮಗೆ ಬೇಕಾಗುವುದು ಅದೇ.

ಗಟ್ಟಿಯ ಲೆಕ್ಕ ಹೀಗಿದೆ. ಒಂದು ಲೋಟ ಬೆಳ್ತಿಗೆ ಅಕ್ಕಿಯನ್ನು (ಕುಚ್ಚಲಲ್ಲದ ಬಿಳಿ ಅಕ್ಕಿ) ಎರಡು ಮೂರು ಗಂಟೆ ನೆನೆಸಿ, ಜರಡಿಯಲ್ಲಿ ಹಾಕಿ ನೀರು ಪೂರ್ತಿ ಇಳಿಯಲು ಬಿಡಿ. ಬೀಜ ತೆಗೆದು ಹೆಚ್ಚಿದ ತುಳುವದ ಹಣ್ಣು ಎರಡು ಲೋಟ, ತೆಂಗಿನತುರಿ ಅರ್ಧ ಲೋಟ, ಚಿಟಿಕೆ ಉಪ್ಪು. ಅಕ್ಕಿ, ಹಣ್ಣು, ತುರಿಯನ್ನು ಒಟ್ಟಿಗೆ ರವೆಯ ಹದಕ್ಕೆ ಅರೆಯಿರಿ. ಒಂದು ತೊಟ್ಟು ನೀರನ್ನೂ ಹಾಕಬೇಡಿ, ಹಣ್ಣಿನ ರಸವೇ ಅಕ್ಕಿಯನ್ನು ಅರೆಯುತ್ತದೆ. ಬೆಲ್ಲ ಕೊನೆಗೆ. ಅದು ಕರಗಿದ ಕೂಡಲೇ ಹಿಟ್ಟು ಸಡಿಲವಾಗುತ್ತದೆ, ಆದ್ದರಿಂದ ಹಣ್ಣಿನ ಸಿಹಿ ನೋಡಿಕೊಂಡು ಕಡಿಮೆಯಿಂದ ಶುರುಮಾಡಿ. ಹಿಟ್ಟು ಇಡ್ಲಿಯ ಹಿಟ್ಟಿಗಿಂತ ಗಟ್ಟಿಯಾಗಿ, ಸೌಟಿನಿಂದ ಉಂಡೆಯಾಗಿ ಬೀಳಬೇಕು. ಬಾಡಿಸಿದ ಬಾಳೆ ಎಲೆಯಲ್ಲಿ ಮಡಿಸಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ, ಸ್ವಲ್ಪ ಆರಿದ ಮೇಲೆ ಬಿಡಿಸಿ, ತುಪ್ಪ ಹಾಕಿಕೊಂಡು ತಿನ್ನಿ. ಬಕ್ಕೆಯ ತೊಳೆ ಮಿಕ್ಸಿಯಲ್ಲಿ ತಿರುಗದಿದ್ದಾಗ ನೀವು ನೀರು ಹಾಕಿರಬೇಕು, ಕೆಲಸ ಕೆಟ್ಟದ್ದು ಅಲ್ಲೇ. ಬಕ್ಕೆಯೊಂದೇ ಸಿಕ್ಕರೆ ಅದನ್ನು ಸಣ್ಣಗೆ ಹೆಚ್ಚಿ ಬೆಲ್ಲದೊಡನೆ ಅರ್ಧ ಗಂಟೆ ಇಡಿ. ರಸ ಬಿಟ್ಟುಕೊಳ್ಳುತ್ತದೆ. ಆ ರಸದಲ್ಲೇ ಹಣ್ಣನ್ನು ಅರೆದು, ಆಮೇಲೆ ಅಕ್ಕಿ ಸೇರಿಸಿ.

ಹಪ್ಪಳದ ಪ್ರಾತ್ಯಕ್ಷಿಕೆ ಇದ್ದರೆ ಒಂದೇ ವಿಷಯ ಕೇಳಿಕೊಳ್ಳಿ: ಕಾಯಿ ಎಷ್ಟು ಬಲಿತಿರಬೇಕು. ಹಣ್ಣಾಗಲು ತೊಡಗಿ ಸಿಹಿ ಸೇರಿದ್ದರೆ ಹಪ್ಪಳ ಎಣ್ಣೆಯಲ್ಲಿ ಕಪ್ಪಾಗುತ್ತದೆ. ಎಳೆಯದಾದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ. ಬೆಳೆಗಾರರ ಮನೆಯ ಹೆಂಗಸರು ಸೊಳೆಯನ್ನು ಉಗುರಿನಿಂದ ಒತ್ತಿ, ಒಂದು ಚೂರು ಅಗಿದು ಹೇಳುತ್ತಾರೆ. ಅವರ ಪಕ್ಕದಲ್ಲಿ ನಿಂತು ನೀವೂ ಒತ್ತಿ ನೋಡಿ. ಮಾತಿನಲ್ಲಿ ಹೇಳಿಕೊಡಲು ಆಗದ ಹದ ಅದು.

ನಿಮ್ಮ ಅತ್ತೆಯವರ ವಿಷಯ. ಹಸಿದು ಹೋಗಿ ಎಂದು ಮೇಲೆ ಹೇಳಿದ್ದು ಅವರಿಗೆ ಅನ್ವಯಿಸುವುದಿಲ್ಲ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಎಂದಿನ ಹೊತ್ತಿಗೆ ಎಂದಿನ ತಿಂಡಿ ತಿಂದೇ ಹೊರಡಬೇಕು. 100 ಗ್ರಾಂ ಹಲಸಿನ ಹಣ್ಣಿನಲ್ಲಿ, ಅಂದರೆ ದೊಡ್ಡ ತೊಳೆ ನಾಲ್ಕೈದರಲ್ಲಿ, ಸುಮಾರು 19 ಗ್ರಾಂ ಸಕ್ಕರೆ ಇರುತ್ತದೆ. ಅವರ ವೈದ್ಯರು ಹಣ್ಣು ತಿನ್ನಲು ಒಪ್ಪಿದ್ದರೆ, ಮಗಳು ರುಚಿ ನೋಡುವ ಪ್ರತಿ ತೊಳೆಯಿಂದ ಹೆಬ್ಬೆರಳಿನ ಉಗುರಿನಷ್ಟು ಚೂರು ಕೊಡಿ. ಎಂಟು ಮರದ ರುಚಿಯೂ ಅವರಿಗೆ ಸಿಗುತ್ತದೆ, ಎಲ್ಲ ಸೇರಿ ಒಂದೂವರೆ ಎರಡು ತೊಳೆ ಮೀರುವುದಿಲ್ಲ. ಬೆಲ್ಲದ ತಿನಿಸು ಆ ದಿನ ಬೇಡ. ಹಲಸು ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎಂಬ ಫಲಕ ಕಂಡರೆ ನಂಬಬೇಡಿ. ಅಕ್ಕಿ ಗೋಧಿಯ ಒಂದು ಪಾಲಿಗೆ ಬದಲಾಗಿ ಬಳಸುವ ಹಸಿ ಕಾಯಿಯ ಹಿಟ್ಟಿನ ಬಗ್ಗೆ ಪ್ರಯೋಗಗಳು ನಡೆದಿರುವುದು ನಿಜ, ಆದರೆ ಆ ಮಾತನ್ನು ಮಾಗಿದ ಹಣ್ಣಿಗೆ ಅಂಟಿಸಿ ಮಾರುವುದು ತಪ್ಪು. ಹಿಟ್ಟು ಕೊಂಡರೂ ವೈದ್ಯರನ್ನು ಕೇಳಿಯೇ ಬಳಸಿ, ಮಾತ್ರೆಯನ್ನು ನೀವಾಗಿ ಕಡಿಮೆ ಮಾಡಬೇಡಿ. ಅವರಿಗೆ ಮೂತ್ರಪಿಂಡದ ತೊಂದರೆಯೂ ಇದ್ದರೆ ಹಲಸಿನಲ್ಲಿ ಪೊಟ್ಯಾಸಿಯಂ ಹೆಚ್ಚು ಎಂಬುದು ನೆನಪಿರಲಿ, ಆಗ ಚೂರು ಕೂಡ ವೈದ್ಯರು ಹೇಳಿದ ಮೇಲೆಯೇ.

ಅತ್ತೆಯವರನ್ನು ಸುಮ್ಮನೆ ಕುರ್ಚಿಯಲ್ಲಿ ಕೂರಿಸಿ ಬಿಡಬೇಡಿ. ಅವರ ವಯಸ್ಸಿನವರಿಗೆ ಹಲಸಿನ ಕಾಯಿ ಕೊಯ್ಯುವುದು, ನಡುವಿನ ಗೂಂಜು ಬಿಡಿಸುವುದು, ಬೀಜವನ್ನು ಮಣ್ಣು ಮೆತ್ತಿ ಇಡುವುದು ಗೊತ್ತಿರುವ ಸಾಧ್ಯತೆ ಹೆಚ್ಚು. ಮಳಿಗೆಯವರೊಡನೆ ಮಾತಿಗೆ ಬಿಟ್ಟು ನೋಡಿ, ಎಷ್ಟೋ ಸಲ ಪ್ರಾತ್ಯಕ್ಷಿಕೆಗಿಂತ ಒಳ್ಳೆಯ ಪಾಠ ಅಂಥ ಮಾತುಗಳಲ್ಲಿ ನಾನು ಕೇಳಿದ್ದೇನೆ.

ಇಡೀ ಹಣ್ಣು ಕೊಳ್ಳುವುದಾದರೆ ರುಚಿ ನೋಡಿದ ಮರದ್ದೇ ಬೇಕೆಂದು ಕೇಳಿ. ಮುಳ್ಳುಗಳು ಅಗಲವಾಗಿ ಚಪ್ಪಟೆಯಾಗಿರಬೇಕು, ತಟ್ಟಿದರೆ ಟೊಳ್ಳು ಸದ್ದು ಬರಬೇಕು, ತೊಟ್ಟಿನ ಬಳಿ ಪರಿಮಳ ಹತ್ತಬೇಕು. ಮಾಗಿದ ತುಳುವ ಹೆಬ್ಬೆರಳಿಗೆ ತಗ್ಗುತ್ತದೆ, ಕೈಯಲ್ಲೇ ಬಿಡಿಸಬಹುದು. ಬಕ್ಕೆಗೆ ಕತ್ತಿಯೇ ಬೇಕು. ಕೊಯ್ಯುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಹಚ್ಚಿ. ಮೇಣ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ನೀರಿನಲ್ಲಿ ತೊಳೆಯಲು ಹೋದಷ್ಟೂ ಅಂಟುತ್ತದೆ.

ಸಸಿಯ ಬಗ್ಗೆ ಕೇಳಿದ್ದೀರಿ. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಉಳಿದ ಜಾಗಕ್ಕೆ ಹಲಸು ಬೇಡ, ಅದು ದೊಡ್ಡ ಮರ. ಊರಿನಲ್ಲಿ ಜಮೀನಿದ್ದರೆ ಖಂಡಿತ ಕೊಳ್ಳಿ, ಆದರೆ ಕಸಿ ಗಿಡವನ್ನೇ. ಬೀಜದ ಗಿಡ ಫಲ ಕೊಡಲು ಏಳೆಂಟು ವರ್ಷ ಬೇಕು, ಫಲ ಹೇಗಿರುತ್ತದೆ ಎಂದು ಯಾರೂ ಹೇಳಲಾರರು. ಕಸಿ ಗಿಡ ಮೂರರಿಂದ ಐದು ವರ್ಷಕ್ಕೆ ತಾಯಿಮರದ ಹಣ್ಣನ್ನೇ ಕೊಡುತ್ತದೆ. ಕಾಂಡದ ಮೇಲೆ ಕಸಿಯ ಗಂಟು ಕಾಣಿಸಬೇಕು, ಅಲ್ಲಿ ಬಿರುಕಿರಬಾರದು, ಗಂಟಿನ ಕೆಳಗಿನಿಂದ ಚಿಗುರು ಬಂದಿರಬಾರದು. ನೆಡುವಾಗ ಆ ಗಂಟು ಮಣ್ಣಿನ ಮೇಲೆಯೇ ಇರಲಿ. ಮಗಳ ಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ: ಅವಳು ಹೆಚ್ಚು ಅಂಕ ಕೊಟ್ಟ ಮರದ ಹೆಸರು ಹೇಳಿ, ಅದರ ಕಸಿ ಇದೆಯೇ ಎಂದು ಬೆಳೆಗಾರರನ್ನೇ ಕೇಳಿ. ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಕಟ್ಟಿಕೊಡಲು ಹಲವರು ಒಪ್ಪುತ್ತಾರೆ.

ಮನೆಗೆ ತಂದ ತೊಳೆಗಳ ಬೀಜವನ್ನು ಎಸೆಯಬೇಡಿ. ಹೊರಗಿನ ಬಿಳಿ ಪೊರೆ ಸುಲಿದು, ಕುಕ್ಕರಿನಲ್ಲಿ ಬೇಯಿಸಿ ನುಗ್ಗೆಕಾಯಿಯ ಜೊತೆ ಹುಳಿಗೆ ಹಾಕಿ. ಅತ್ತೆಯವರ ತಟ್ಟೆಗೆ ಬಡಿಸುವಾಗ ಬೀಜದಲ್ಲಿ ಪಿಷ್ಟವಿದೆ ಎಂಬುದನ್ನು ನೆನೆದು ಅನ್ನವನ್ನು ಅಷ್ಟು ಕಡಿಮೆ ಮಾಡಿ. ಮಗಳು ಒಂದೆರಡನ್ನು ಕುಂಡದಲ್ಲಿ ನೆಡುತ್ತೇನೆಂದು ಹಟ ಹಿಡಿದರೆ ಅದೇ ವಾರ ನೆಡಲಿ. ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲ.